ಸರ್ವರ್ ಹೇಳಿದ್ದೊಂದು, ಪರದೆ ತೋರಿಸಿದ್ದೊಂದು

ನಮ್ಮ ಸೋಲೂರು ಕಡೆಯ ಮಾತಿಗೆ ಈಚಿನ ವರ್ಷಗಳಲ್ಲಿ ಬಂದು ಸೇರಿಕೊಂಡ ಇಂಗ್ಲಿಷ್ ಪದಗಳಲ್ಲಿ ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ‘ಸರ್ವರ್’. ಮಳೆ ಬರಲಿಲ್ಲ ಅನ್ನುವ ಧಾಟಿಯಲ್ಲೇ “ಇವತ್ತು ಸರ್ವರ್ ಬರ್ಲಿಲ್ಲ” ಅನ್ನುತ್ತಾರೆ. ಯಂತ್ರ ಹೆಬ್ಬೆಟ್ಟು ತಗೊಳ್ಳದಿದ್ದರೆ ಸರ್ವರ್ ಇಲ್ಲ, ಪಹಣಿ ಬರದಿದ್ದರೆ ಸರ್ವರ್ ಇಲ್ಲ, ಪಾಸ್‌ಬುಕ್ಕಿಗೆ ಎಂಟ್ರಿ ಆಗದಿದ್ದರೂ ಸರ್ವರ್ ಇಲ್ಲ. ನಮ್ಮ ದೊಡ್ಡಪ್ಪನವರು ಒಂದು ಸಲ “ಅದ್ಯಾವನ್ಲಾ ಈ ಸರ್ವರ್ರು, ಯಾವಾಗ್ ನೋಡುದ್ರೂ ರಜಾ ಹಾಕಿರ್ತಾನಲ್ಲ?” ಅಂತ ಕೇಳಿದ್ದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ಇವತ್ತಿಗೂ ಗೊತ್ತಾಗಿಲ್ಲ. ಅವರ ಪಾಲಿಗೆ ಸರ್ವರ್ ಅಂದರೆ ಹೋಟೆಲಿನಲ್ಲಿ ನೀರಿನ ಲೋಟ ಕುಕ್ಕಿ ‘ಏನ್ ಕೊಡ್ಲಿ’ ಅನ್ನುವವನೇ.

ನನ್ನ ಹೊಟ್ಟೆಪಾಡು ಇದೇ ಸರ್ವರುಗಳ ಜೊತೆ. ಜಾಲತಾಣಗಳಲ್ಲಿ ಅರ್ಜಿ ತುಂಬುವ ಪುಟಗಳನ್ನು ಬರೆಯುವುದು ನನ್ನ ಕೆಲಸ. ಹಾಗಾಗಿ ಈ ‘ಸರ್ವರ್ ಇಲ್ಲ’ ಅನ್ನುವ ಎರಡು ಪದದ ಹಿಂದೆ ಎಷ್ಟೆಲ್ಲಾ ಬೇರೆ ಬೇರೆ ಸಂಗತಿಗಳು ಅಡಗಿ ಕೂತಿರುತ್ತವೆ ಅನ್ನುವುದು ಗೊತ್ತು. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಲೇ ಇದ್ದೆ. ಕಂಪ್ಯೂಟರ್ ಕೆಲಸದವರಲ್ಲದ ಗೆಳೆಯರು ಹೆದರಬೇಕಿಲ್ಲ, ಪ್ರೋಗ್ರಾಮಿನ ಒಂದು ಸಾಲನ್ನೂ ಇಲ್ಲಿ ಹಾಕುವುದಿಲ್ಲ :-)

2025ರ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗಿನ ಮಾತು. ಯಾವುದೋ ಕಾಗದ ಝೆರಾಕ್ಸ್ ಮಾಡಿಸಲು ಅಂಗಡಿಗೆ ಹೋದೆ. ಅಲ್ಲಿ ನಮ್ಮ ಬೀದಿಯ ಅಕ್ಕ ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಮಗಳ ದಾಖಲೆಗಳನ್ನೆಲ್ಲ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಗಾರ್ಮೆಂಟ್ಸಿಗೆ ಹೋಗುವವರು. ಮಗಳು ಅದೇ ವರ್ಷ ಕಾಲೇಜು ಸೇರಿದ್ದಳು, ಫೀಸಿಗೆ ಸಹಾಯ ಕೊಡುವ ಒಂದು ಯೋಜನೆಗೆ ಅರ್ಜಿ ಹಾಕಬೇಕಿತ್ತು. ಯಾವ ಯೋಜನೆ, ಯಾರ ತಾಣ ಅನ್ನುವುದು ಇಲ್ಲಿ ಬೇಡ.

“ಮೂರ್ನೇ ದಿನ ಕಣಪ್ಪ ಬತ್ತಿರೋದು. ಸರ್ವರ್ ಇಲ್ಲ ಅಂತವ್ನೆ. ಇವತ್ತೂ ಕೆಲ್ಸಕ್ಕೆ ರಜಾ ಹಾಕ್ದೆ” ಅಂದರು. ಕೊನೆಯ ದಿನಕ್ಕೆ ಇನ್ನೆರಡೇ ದಿನ ಉಳಿದಿತ್ತು.

ಅಂಗಡಿಯ ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಅವನ ಪರದೆ ಮೇಲೆ ಕೆಂಪು ಪಟ್ಟಿಯೊಳಗೆ ‘ಸಮ್‌ಥಿಂಗ್ ವೆಂಟ್ ರಾಂಗ್, ಪ್ಲೀಸ್ ಟ್ರೈ ಅಗೇನ್ ಲೇಟರ್’ ಅಂತಲೇ ಇತ್ತು. ದಿನಕ್ಕೆ ಅಷ್ಟೊಂದು ಅರ್ಜಿ ತುಂಬುವ ಹುಡುಗ, ಅದನ್ನು ಸೋಲೂರಿನ ಕನ್ನಡಕ್ಕೆ ಅನುವಾದಿಸಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದಿದ್ದ. ಅನುವಾದದಲ್ಲಿ ತಪ್ಪೇನೂ ಇಲ್ಲ ನೋಡಿ.

“ಒಂದ್ನಿಮಿಷ ಕೊಡ್ತೀಯಾ?” ಅಂತ ಕೇಳಿ ಅವನ ಕೀಲಿಮಣೆಯಲ್ಲಿ ಎಫ್12 ಒತ್ತಿದೆ. ಬ್ರೌಸರ್ ಮತ್ತು ಸರ್ವರ್ ನಡುವೆ ಏನೇನು ಮಾತುಕತೆ ನಡೆಯುತ್ತದೆ ಅನ್ನುವುದನ್ನು ತೋರಿಸುವ ಕಿಟಕಿ ಅದು. ಮತ್ತೊಮ್ಮೆ ಅರ್ಜಿ ಕಳಿಸಿ ನೋಡಿದರೆ, ಸರ್ವರ್ ಭೇಷಾಗಿ ಇದೆ! ಅರೆಕ್ಷಣದಲ್ಲಿ ಉತ್ತರ ಕೊಟ್ಟಿದೆ. ಉತ್ತರದ ಸಂಖ್ಯೆ 422. ಅದರ ಜೊತೆಗೆ ಒಂದು ಸಾಲಿನ ವಿವರಣೆ: ಆರಿಸಿದ ಜಿಲ್ಲೆ ಪ್ರಮಾಣಪತ್ರದಲ್ಲಿರುವ ಜಿಲ್ಲೆಗೆ ಹೊಂದುತ್ತಿಲ್ಲ ಅಂತ, ಇಂಗ್ಲಿಷಿನಲ್ಲಿ. ಯಾವ ಖಾನೆಯಲ್ಲಿ ತೊಂದರೆ ಅನ್ನುವುದನ್ನೂ ಹೆಸರು ಹಿಡಿದು ಹೇಳಿತ್ತು. ಮೂರು ದಿನವೂ ಇದನ್ನೇ ಹೇಳಿರಬೇಕು. ಕೇಳಿಸಿಕೊಂಡ ಪುಟ ಅದನ್ನು ಬಾಯಲ್ಲೇ ನುಂಗಿ, ‘ಆಮೇಲೆ ಪ್ರಯತ್ನಿಸಿ’ ಅಂದುಬಿಟ್ಟಿತ್ತು.

ಈಗ ಈ ಜಿಲ್ಲೆಯ ಕಥೆ ಹೇಳಬೇಕು. ಸೋಲೂರಿನವರಿಗೆ ನಿಮ್ಮದು ಯಾವ ಜಿಲ್ಲೆ ಅಂತ ಕೇಳುವುದು ಸುಲಭ, ಉತ್ತರ ಹೇಳುವುದು ಕಷ್ಟ. ತಾಲ್ಲೂಕು ಮಾಗಡಿ ಅಂತ ಬರೆದುಕೊಂಡು ಬಂದವರು ನಾವು. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದಾಗ ಬೆಂಗಳೂರು ಗ್ರಾಮಾಂತರದ ಪಾಲಾದೆವು. 2007ರಲ್ಲಿ ರಾಮನಗರ ಜಿಲ್ಲೆ ಆಯಿತು, ಅದಕ್ಕೆ ಸೇರಿದೆವು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸೋಲೂರು ಹೋಬಳಿಯನ್ನು ನೆಲಮಂಗಲ ವಿಧಾನಸಭಾ ಕ್ಷೇತ್ರಕ್ಕೆ ಹಾಕಿದರು, ಅಂದರೆ ಓಟಿನ ಲೆಕ್ಕಕ್ಕೆ ಇನ್ನೊಂದು ಕಡೆ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರು ಬದಲಾಯಿತು. ಮನೆ ಕದಲಲಿಲ್ಲ, ಹೊಲ ಕದಲಲಿಲ್ಲ, ವಿಳಾಸ ಮಾತ್ರ ಓಡಾಡುತ್ತಲೇ ಇತ್ತು.

ಅಕ್ಕನ ಮಗಳ ಪ್ರಮಾಣಪತ್ರ ಹೆಸರು ಬದಲಾಗುವ ಮುಂಚಿನದು, ಅದರಲ್ಲಿ ರಾಮನಗರ ಅಂತಿತ್ತು. ಅರ್ಜಿಯ ಪುಟದಲ್ಲಿ ಜಿಲ್ಲೆಗಳ ಪಟ್ಟಿಯಲ್ಲಿ ಎರಡೂ ಹೆಸರು ಇದ್ದವು. ಹುಡುಗ ಪೇಪರ್ ಓದುವವನು, ಹೊಸ ಹೆಸರು ಆರಿಸಿದ್ದ. ಪಾಪ, ಅವನದು ತಪ್ಪು ಅನ್ನಲಾಗದು. ರಾಮನಗರ ಅಂತ ಬದಲಾಯಿಸಿ ಕಳಿಸಿದೆವು, ತಕ್ಷಣ ಅರ್ಜಿ ಸಂಖ್ಯೆ ಬಂತು. ಅಕ್ಕ ಆ ಸಂಖ್ಯೆಯನ್ನು ಎರಡು ಸಲ ಬರೆಸಿಕೊಂಡರು, ಒಂದು ಚೀಟಿಯಲ್ಲಿ, ಇನ್ನೊಂದು ಮಗಳ ಅಂಕಪಟ್ಟಿಯ ಝೆರಾಕ್ಸಿನ ಹಿಂದೆ. ಮೂರು ದಿನದ ಸಂಬಳ ಹೋಗಿತ್ತಲ್ಲ, ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಅಸಲಿಗೆ ಇದು ತೋರಿಸಬೇಕಾದ ದೋಷವೇ ಅಲ್ಲ. ಎರಡೂ ಒಂದೇ ಜಿಲ್ಲೆ ಅನ್ನುವುದನ್ನು ಸರ್ವರೇ ತಿಳಿದುಕೊಂಡು ಸುಮ್ಮನಿರಬೇಕಿತ್ತು. ಆದರೆ ಒಂದು ಸಲ ದೋಷ ಅಂತ ತೀರ್ಮಾನಿಸಿದ ಮೇಲೆ ಕಾರಣ ಹೇಳಬೇಕೋ ಬೇಡವೋ?

ಕೆಲವರು ಕೇಳುತ್ತಾರೆ, ಪುಟದಲ್ಲೇ ಮೊದಲು ಪರೀಕ್ಷೆ ಮಾಡಿಬಿಡಬಹುದಲ್ಲ, ಸರ್ವರ್ ತನಕ ಯಾಕೆ ಹೋಗಬೇಕು ಅಂತ. ಮೊಬೈಲ್ ಸಂಖ್ಯೆಗೆ ಹತ್ತು ಅಂಕಿ ಇದೆಯೇ, ಹೆಸರಿನ ಖಾನೆ ಖಾಲಿಯಿದೆಯೇ, ಇಂಥದ್ದನ್ನೆಲ್ಲ ಬ್ರೌಸರ್ರೇ ನೋಡಿಕೊಳ್ಳುತ್ತದೆ. ಆದರೆ ಪ್ರಮಾಣಪತ್ರದ ರಿಜಿಸ್ಟರಿನಲ್ಲಿ ಏನಿದೆ, ಇದೇ ಅರ್ಜಿ ಮೊದಲೇ ಬಂದಿದೆಯೇ, ಕೊನೆಯ ದಿನ ಮುಗಿಯಿತೇ ಅನ್ನುವುದು ಸರ್ವರಿಗೆ ಮಾತ್ರ ಗೊತ್ತು. ಬ್ರೌಸರಿನ ಪರೀಕ್ಷೆಯನ್ನು ಗೊತ್ತಿದ್ದವರು ತಪ್ಪಿಸಿಕೊಂಡು ಹೋಗಲೂಬಹುದು. ಹಾಗಾಗಿ ಕೊನೆಯ ಮಾತು ಯಾವಾಗಲೂ ಸರ್ವರಿನದೇ. ತೊಂದರೆ ಏನೆಂದರೆ ಆ ಮಾತು ಪರದೆ ತಲುಪುವ ದಾರಿಯಲ್ಲಿ ಕಳೆದುಹೋಗುತ್ತದೆ.

ಹೇಗೆ ಕಳೆದುಹೋಗುತ್ತದೆ ಅನ್ನುವುದು ಸ್ವಾರಸ್ಯವಾಗಿದೆ. ಈಗ ಪುಟಗಳನ್ನು ಒಂದೇ ಹಾಳೆಯ ಹಾಗೆ ಬರೆಯುವುದಿಲ್ಲ. ಜಿಲ್ಲೆ ಆರಿಸುವುದಕ್ಕೆ ಒಂದು ತುಂಡು, ದಿನಾಂಕಕ್ಕೆ ಒಂದು ತುಂಡು, ಫೋಟೋ ಹಾಕುವುದಕ್ಕೆ ಒಂದು ತುಂಡು, ಹೀಗೆ ಮಾಡಿಟ್ಟುಕೊಂಡು ಬೇಕಾದ ಕಡೆ ಜೋಡಿಸುತ್ತಾರೆ. ಬ್ರೌಸರಿನಲ್ಲೇ ಇದಕ್ಕೆ ವ್ಯವಸ್ಥೆ ಇದೆ, ವೆಬ್ ಕಾಂಪೊನೆಂಟ್ಸ್ ಅಂತ ಹೆಸರು. ಅಲೆಕ್ಸ್ ರಸೆಲ್ 2011ರಲ್ಲಿ ಈ ಕಲ್ಪನೆಯನ್ನು ಜನರ ಮುಂದಿಟ್ಟರು. ಪ್ರತಿ ತುಂಡಿನ ಸುತ್ತಲೂ ‘ಶ್ಯಾಡೋ ಡಾಮ್’ ಅನ್ನುವ ಒಂದು ಕಾಂಪೌಂಡು ಕಟ್ಟಬಹುದು. ಹೊರಗಿನ ಪುಟದ ಬಣ್ಣ, ಅಳತೆ, ಶೈಲಿಯ ನಿಯಮಗಳು ಒಳಗೆ ನುಗ್ಗುವುದಿಲ್ಲ, ಒಳಗಿನವು ಹೊರಗೆ ಹರಿಯುವುದಿಲ್ಲ. ಒಬ್ಬರು ಬರೆದ ತುಂಡನ್ನು ಇನ್ನೊಬ್ಬರು ನೆಮ್ಮದಿಯಾಗಿ ಬಳಸಬಹುದು.

ಆದರೆ ಕಾಂಪೌಂಡು ಅಂದಮೇಲೆ ಗೇಟು ಎಲ್ಲಿ ಅನ್ನುವ ಪ್ರಶ್ನೆ ಬರುತ್ತದಲ್ಲ? ಅರ್ಜಿಯನ್ನು ಸರ್ವರಿಗೆ ಕಳಿಸುವುದು ಹೊರಗಿನ ಪುಟ. ಉತ್ತರ ಬರುವುದೂ ಅದಕ್ಕೇ. ‘ಜಿಲ್ಲೆಯ ಖಾನೆಯಲ್ಲಿ ತೊಂದರೆ’ ಅನ್ನುವ ಸುದ್ದಿಯನ್ನು ಅದು ಜಿಲ್ಲೆಯ ತುಂಡಿನ ಒಳಗೆ ಮುಟ್ಟಿಸಬೇಕು. ತುಂಡು ಬರೆದವರು ಅದಕ್ಕೊಂದು ಗೇಟು ಇಡದಿದ್ದರೆ, ಪುಟ ಬರೆದವರು ಏನು ಮಾಡುತ್ತಾರೆ? ಮೇಲೊಂದು ಕೆಂಪು ಪಟ್ಟಿ ಎಳೆದು ‘ಏನೋ ತಪ್ಪಾಗಿದೆ’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಬ್ರೌಸರಿನಲ್ಲಿ ಗೇಟಿನ ವ್ಯವಸ್ಥೆ ಇದೆ. ನಾವು ಮಾಡಿದ ತುಂಡು ಕೂಡ ಅರ್ಜಿಯ ಸಹಜ ಖಾನೆಯ ಹಾಗೆ ‘ನನ್ನಲ್ಲಿ ದೋಷವಿದೆ, ಕಾರಣ ಇದು’ ಅಂತ ಬ್ರೌಸರಿಗೆ ಹೇಳಿಕೊಳ್ಳಬಹುದು, ಎಲಿಮೆಂಟ್ ಇಂಟರ್ನಲ್ಸ್ ಅನ್ನುತ್ತಾರೆ. 2023ರ ಮಾರ್ಚಿನಲ್ಲಿ ಸಫಾರಿ 16.4 ಬಂದ ಮೇಲೆ ಇದು ಮುಖ್ಯ ಬ್ರೌಸರುಗಳೆಲ್ಲದರಲ್ಲೂ ಸಿಕ್ಕುತ್ತದೆ.

ಕಣ್ಣು ಕಾಣದವರು ಪುಟವನ್ನು ಓದಿಸಿಕೊಂಡು ಕೇಳುತ್ತಾರೆ. ದೋಷದ ಸಾಲನ್ನು ಖಾನೆಗೆ ಗಂಟು ಹಾಕಿದ್ದರೆ, ಆ ಖಾನೆಗೆ ಹೋದಾಗ ಓದುವ ತಂತ್ರಾಂಶ ಅದನ್ನೂ ಓದಿ ಹೇಳುತ್ತದೆ. ಖಾನೆ ಕಾಂಪೌಂಡಿನ ಒಳಗೆ, ಸಂದೇಶ ಹೊರಗೆ ಇದ್ದರೆ, ಗುರುತಿನ ಹೆಸರು ಕೊಟ್ಟು ಹಾಕುವ ಮಾಮೂಲಿ ಗಂಟು ಗೋಡೆ ದಾಟಿ ಕೆಲಸ ಮಾಡುವುದಿಲ್ಲ. ಕಣ್ಣಿಗೆ ಪಕ್ಕಪಕ್ಕದಲ್ಲೇ ಕಾಣುತ್ತದೆ, ಕಿವಿಗೆ ಕೇಳಿಸುವುದೇ ಇಲ್ಲ. ಎರಡನ್ನೂ ಒಳಗೇ ಇಡುವುದು ನನ್ನ ಪದ್ಧತಿ. ಬರೀ ಕೆಂಪು ಗೆರೆ ಸಾಲದು, ತಪ್ಪೇನು ಅಂತ ಅಕ್ಷರದಲ್ಲಿ ಹೇಳಬೇಕು ಅನ್ನುವುದು 2008ರಲ್ಲೇ ಬಂದ ಡಬ್ಲ್ಯೂಸಿಎಜಿ 2.0 ಮಾರ್ಗಸೂಚಿಯಲ್ಲಿದೆ, ಅದೂ ಮೊದಲ ಹಂತದ, ಎಲ್ಲರೂ ಪಾಲಿಸಬೇಕಾದ ನಿಯಮವಾಗಿ.

ಇನ್ನೊಂದು ಕಡೆಯೂ ಮಾತು ಕಳೆಯುತ್ತದೆ. ಸರ್ವರಿಗೆ ಕೋರಿಕೆ ಕಳಿಸಲು ಬ್ರೌಸರಿನಲ್ಲಿ ‘ಫೆಚ್’ ಅನ್ನುವ ಸಾಧನವಿದೆ. ಸರ್ವರ್ 422 ಅಂದರೂ 500 ಅಂದರೂ ಫೆಚ್ ಪ್ರಕಾರ ಕೆಲಸ ಯಶಸ್ವಿ, ಉತ್ತರ ಬಂತಲ್ಲ! ಸಂಪರ್ಕವೇ ಕಡಿದುಹೋದರೆ ಅದು ವಿಫಲ ಅನ್ನುತ್ತದೆ. ಅಂಚೆಯವನು ಕಾಗದ ಮುಟ್ಟಿಸಿದರೆ ಆಯಿತು, ಒಳಗೆ ಏನು ಬರೆದಿದೆ ಅನ್ನುವುದು ಅವನ ಜವಾಬ್ದಾರಿಯಲ್ಲ, ಹಾಗೆ. ಉತ್ತರದ ಸಂಖ್ಯೆಯನ್ನು ನಾವೇ ತೆಗೆದು ನೋಡಬೇಕು. ನೋಡದೆ ಉತ್ತರವನ್ನು ಜೇಸನ್ ಅಂತ ನಂಬಿ ಬಿಡಿಸಲು ಹೋದಾಗ, ಮಧ್ಯದ ಯಾವುದೋ ಯಂತ್ರ 502 ಅಂತ ಒಂದು ಎಚ್‌ಟಿಎಂಎಲ್ ಪುಟ ಕಳಿಸಿರುತ್ತದೆ. ಆಗ ಪರದೆಯ ಮೇಲೆ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಅಂತ ಮಂತ್ರವೊಂದು ಉದುರುತ್ತದೆ. ಪ್ರೋಗ್ರಾಮಿನವನ ಮೇಜಿನ ಮೇಲೆ ಇರಬೇಕಾದ ಸಾಲು, ಸೋಲೂರಿನ ಝೆರಾಕ್ಸ್ ಅಂಗಡಿಯಲ್ಲಿ ಬಂದು ಕೂತಿರುತ್ತದೆ.

ಸಂಖ್ಯೆಗಳ ಬಗ್ಗೆ ಇಷ್ಟು ಹೇಳಿದರೆ ಸಾಕು. 400ರಿಂದ ಶುರುವಾಗುವವು ‘ಕಳಿಸಿದ್ದರಲ್ಲಿ ಏನೋ ಇದೆ’ ಅನ್ನುತ್ತವೆ, 500ರವು ‘ನನ್ನಲ್ಲೇ ಏನೋ ಆಗಿದೆ’ ಅನ್ನುತ್ತವೆ. ಈ ಎರಡರ ನಡುವಿನ ವ್ಯತ್ಯಾಸ ಅಕ್ಕನ ಮೂರು ದಿನದ ಸಂಬಳ. 2024ರ ಡಿಸೆಂಬರಿನಲ್ಲಿ, ಮತ್ತೆ 2025ರ ಜನವರಿಯಲ್ಲಿ ನಮ್ಮ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಸುಳ್ಳು ಕೋರಿಕೆಗಳ ಮಳೆ ಸುರಿಸಿ ದಾಳಿ ಮಾಡಿದ್ದರು, ನೋಂದಣಿ ಕೆಲಸಕ್ಕೆ ಪೆಟ್ಟು ಬಿತ್ತು. ಅಂಥ ದಿನ ‘ಸ್ವಲ್ಪ ಹೊತ್ತು ಬಿಟ್ಟು ಬನ್ನಿ’ ಅನ್ನುವುದೇ ಸತ್ಯವಾದ ಮಾತು. 503ರ ಜೊತೆಗೆ ಎಷ್ಟು ಹೊತ್ತು ಬಿಟ್ಟು ಅಂತ ಹೇಳುವ ಅವಕಾಶವೂ ಸರ್ವರಿಗೆ ಇದೆ. ಆದರೆ 422ಕ್ಕೆ ‘ಆಮೇಲೆ ಬನ್ನಿ’ ಅನ್ನುವುದು ಶುದ್ಧ ಸುಳ್ಳು. ನಾಳೆ ಬಂದರೂ, ಮುಂದಿನ ಯುಗಾದಿಗೆ ಬಂದರೂ ಅದೇ ಉತ್ತರ.

ನಿಂತಿರುವ ಮನುಷ್ಯನಿಗೆ ಬೇಕಾದದ್ದು ಬಹಳ ಕಡಿಮೆ. ಸರಿಮಾಡಬೇಕಾದವರು ನಾವೋ ನೀವೋ? ತುಂಬಿದ್ದೆಲ್ಲ ಉಳಿದಿದೆಯೋ ಹೋಯಿತೋ, ದುಡ್ಡು ಕಟ್ಟಿದ್ದರೆ ಅದೇನಾಯಿತು? ಈಗ ಏನು ಮಾಡಲಿ? ಇವಿಷ್ಟಕ್ಕೆ ಉತ್ತರ ಇಲ್ಲದ ಸಂದೇಶ ಎಷ್ಟೇ ವಿನಯವಾಗಿ ‘ಕ್ಷಮಿಸಿ’ ಅಂದರೂ ಪ್ರಯೋಜನವಿಲ್ಲ. ದೋಷ ತೋರಿಸುವಾಗ ಇಡೀ ಅರ್ಜಿಯನ್ನು ಖಾಲಿ ಮಾಡಿ ಕೂರಿಸುವ ಪುಟಗಳಿಗಂತೂ ಏನು ಹೇಳಬೇಕೋ ತಿಳಿಯದು. ಇದಕ್ಕೆ ತಿರುಗುಮುರುಗಾದ ಕಾಟವೂ ಇದೆ. ಸರ್ವರ್ ಹೇಳಿದ ದೋಷವನ್ನು ಖಾನೆಗೆ ಅಂಟಿಸಿದ ಮೇಲೆ, ಜನ ಅದನ್ನು ತಿದ್ದಿದ ಕೂಡಲೇ ನಾವೇ ಕಿತ್ತುಹಾಕಬೇಕು. ಕೀಳದಿದ್ದರೆ ತಿದ್ದಿದ ಮೇಲೂ ಬ್ರೌಸರ್ ‘ದೋಷವಿದೆ’ ಅಂತ ಅರ್ಜಿಯನ್ನು ಮುಂದಕ್ಕೇ ಬಿಡುವುದಿಲ್ಲ.

ಸರ್ವರ್ ಹೇಳಿದ್ದೆಲ್ಲವನ್ನೂ ಹಾಗ್ಹಾಗೇ ಸುರಿಯಬೇಕು ಅಂತಲ್ಲ ಮತ್ತೆ. ಒಳಗಿನ ಕೋಷ್ಟಕಗಳ ಹೆಸರು, ಪ್ರೋಗ್ರಾಮಿನ ಎಷ್ಟನೇ ಸಾಲು ಮುರಿಯಿತು ಅನ್ನುವುದನ್ನೆಲ್ಲ ತೋರಿಸಿದರೆ ಕಳ್ಳನಿಗೆ ಮನೆಯ ನಕ್ಷೆ ಕೊಟ್ಟ ಹಾಗೆ. ‘ಈ ಹೆಸರಿನವರು ನಮ್ಮಲ್ಲಿ ಇಲ್ಲ’ ಮತ್ತು ‘ಗುಪ್ತಪದ ತಪ್ಪು’ ಅಂತ ಬೇರೆ ಬೇರೆ ಹೇಳಿದರೂ, ಯಾರ್ಯಾರು ಇದ್ದಾರೆ ಅಂತ ಹುಡುಕುವವನಿಗೆ ಅನುಕೂಲ. ಒಳ್ಳೆಯ ಪದ್ಧತಿಯೊಂದು ಇದೆ, 2016ರಲ್ಲಿ ಆರ್‌ಎಫ್‌ಸಿ 7807 ಅಂತ ಬಂತು, 2023ರಲ್ಲಿ 9457 ಅನ್ನುವ ಹೊಸ ಸಂಖ್ಯೆಯಲ್ಲಿ ಪರಿಷ್ಕೃತವಾಯಿತು. ದೋಷ ಯಾವ ಬಗೆಯದು, ವಿವರವೇನು, ಈ ಸಲದ ಘಟನೆಯ ಗುರುತು ಯಾವುದು ಅನ್ನುವುದನ್ನು ಸರ್ವರ್ ಒಂದು ಗೊತ್ತಾದ ಅಚ್ಚಿನಲ್ಲಿ ಕಳಿಸುತ್ತದೆ. ಬಗೆಯನ್ನು ನೋಡಿ ಕನ್ನಡದ ವಾಕ್ಯವನ್ನು ತುಂಡು ಆರಿಸಿಕೊಳ್ಳಬಹುದು. ಗುರುತನ್ನು ಪರದೆಯ ಮೇಲೆ ತೋರಿಸಿದರೆ ಅಂಗಡಿ ಹುಡುಗ ಫೋನಿನಲ್ಲಿ ಅದನ್ನು ಓದಿ ಹೇಳಬಹುದು.

ಕನ್ನಡದ ವಾಕ್ಯ ಅಂದೆನಲ್ಲ, ಅಲ್ಲೇ ನನಗೆ ಹೆಚ್ಚು ಜಗಳ ಇರುವುದು. ಇಂಗ್ಲಿಷಿನವರು ಒಂದು ವಾಕ್ಯ ಬರೆದು, ಖಾನೆಯ ಹೆಸರಿಗೆ ಜಾಗ ಬಿಟ್ಟಿರುತ್ತಾರೆ. ನಮ್ಮಲ್ಲಿ ವಿಭಕ್ತಿ ಇದೆ ಸ್ವಾಮಿ! ಬಿಟ್ಟ ಜಾಗದ ಮುಂದೆ ‘ಅನ್ನು ನಮೂದಿಸಿ’ ಅಂತ ಹಾಕಿದರೆ ‘ಹೆಸರು ಅನ್ನು ನಮೂದಿಸಿ’, ‘ಜಿಲ್ಲೆ ಅನ್ನು ನಮೂದಿಸಿ’ ಅಂತ ಬರುತ್ತದೆ. ಹೆಸರನ್ನು, ಜಿಲ್ಲೆಯನ್ನು, ಊರನ್ನು ಅಂತ ನಾಲ್ಕನೇ ಕ್ಲಾಸಿನ ಮಗು ಹೇಳುತ್ತದೆ. ಇದಕ್ಕೆ ಸಂಧಿ ಮಾಡುವ ತಂತ್ರಾಂಶ ಬರೆಯಬೇಕಿಲ್ಲ. ಖಾನೆಗೊಂದು ಪೂರ್ತಿ ವಾಕ್ಯ ಕೈಯಾರೆ ಬರೆದಿಟ್ಟರೆ ಮುಗಿಯಿತು. ಒಂದು ಅರ್ಜಿಯಲ್ಲಿ ಖಾನೆಗಳು ಎಷ್ಟಿರುತ್ತವೆ ಮಹಾ? ‘ಪ್ರಮಾಣಪತ್ರದಲ್ಲಿ ಜಿಲ್ಲೆ ರಾಮನಗರ ಎಂದಿದೆ, ನೀವು ಬೆಂಗಳೂರು ದಕ್ಷಿಣ ಆರಿಸಿದ್ದೀರಿ. ಪ್ರಮಾಣಪತ್ರದಲ್ಲಿ ಇರುವಂತೆಯೇ ಆರಿಸಿ.’ ಇಷ್ಟು ಬರೆದಿದ್ದರೆ ಹುಡುಗ ಅದನ್ನು ಜೋರಾಗಿ ಓದುತ್ತಿದ್ದ, ಅಕ್ಕ ಮೊದಲನೇ ದಿನವೇ ಮನೆಗೆ ಹೋಗುತ್ತಿದ್ದರು. ಮತ್ತೆ ಆ ಕೆಂಪು ಪಟ್ಟಿಯ ಎತ್ತರವನ್ನು ಇಂಗ್ಲಿಷಿಗೆ ಅಂತ ಅಳೆದಿರುತ್ತಾರೆ, ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗಿರುತ್ತದೆ.

ಯೂನಿಕೋಡ್ ಜೊತೆ ಗುದ್ದಾಡಿದ ನಿಮಗೆಲ್ಲ ಇಷ್ಟವಾಗುವ ಒಂದು ವಿಚಿತ್ರ ಹೇಳುತ್ತೇನೆ. ‘ಸೋಲೂರು’ ಅನ್ನುವುದು ನಮ್ಮ ಲೆಕ್ಕದಲ್ಲಿ ಮೂರು ಅಕ್ಷರ. ಯೂನಿಕೋಡಿನಲ್ಲಿ ಆರು ಸಂಕೇತ: ಸ, ಓತ್ವ, ಲ, ಊತ್ವ, ರ, ಉತ್ವ. ಆದರೆ ‘ಸೋ’ದಲ್ಲಿರುವ ಓತ್ವವನ್ನು ಬಿಡಿಸಿ ಎತ್ವ, ಊತ್ವ, ದೀರ್ಘ ಅಂತ ಮೂರಾಗಿಯೂ ಬರೆಯಬಹುದು, ಆಗ ಒಟ್ಟು ಎಂಟು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತಾರದ ಸರ್ವರ್ ‘ಊರಿನ ಹೆಸರು ಹೊಂದುತ್ತಿಲ್ಲ’ ಅನ್ನುತ್ತದೆ. ಇಲ್ಲೂ ಸೋಲೂರು, ಅಲ್ಲೂ ಸೋಲೂರು! ಇಂಥ ದೋಷವನ್ನು ಯಾವ ಸಂದೇಶದಲ್ಲಿ ಹೇಗೆ ವಿವರಿಸುತ್ತೀರಿ? ವಿವರಿಸಲೇಬಾರದು, ಸರ್ವರ್ ಒಳಗೇ ಸರಿಪಡಿಸಿಕೊಳ್ಳಬೇಕು. ಹೆಸರುಗಳ ಮಧ್ಯೆ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಬೇರ್ಪಡಿಕೆಯ ಸಂಕೇತದ್ದೂ ಇದೇ ಹಾಡು.

ಕೊನೆಗೆ ಪರದೆ ಯಾರ ಕಡೆ ಮುಖ ಮಾಡಿದೆ ಅನ್ನುವುದೂ ಒಂದಿದೆ. ನಾವು ಪುಟ ಬರೆಯುವವರು ‘ಬಳಕೆದಾರ’ ಅಂತ ಒಬ್ಬನನ್ನು ಊಹಿಸಿಕೊಳ್ಳುತ್ತೇವೆ. ಸೋಲೂರಿನಂಥ ಊರಲ್ಲಿ ಬಳಕೆದಾರರು ಇಬ್ಬರು, ಕೀಲಿಮಣೆ ಕುಟ್ಟುವವನೊಬ್ಬ, ಅರ್ಜಿ ಯಾರದೋ ಅವರೊಬ್ಬರು. ಓದುವವನು ಮೊದಲಿನವನು, ಕಷ್ಟ ಎರಡನೆಯವರದು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ಶುರುವಾದಾಗ ತಾಲ್ಲೂಕು ಕಚೇರಿಗಳಲ್ಲಿ ಕೌಂಟರುಗಳನ್ನು ಇಟ್ಟಿದ್ದರು, 15 ರೂಪಾಯಿಗೆ ಪಹಣಿ. ಆ ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆಯೂ ಇರುತ್ತಿತ್ತು. ಒಳಗಿನವರು ಏನು ಮಾಡುತ್ತಿದ್ದಾರೆ ಅನ್ನುವುದು ಹೊರಗೆ ನಿಂತವರಿಗೂ ಕಾಣಲಿ ಅಂತ. ಎಂಥ ಒಳ್ಳೆಯ ಯೋಚನೆ ಅದು! ಝೆರಾಕ್ಸ್ ಅಂಗಡಿಯಲ್ಲಿ ಎರಡನೇ ಪರದೆ ಇಡಿ ಅಂತ ಯಾರಿಗೆ ಹೇಳುವುದು? ಅದಕ್ಕೇ ನಾನು ಈಗ ದೋಷದ ಸಾಲು ಬರೆದ ಮೇಲೆ ಒಮ್ಮೆ ಬಾಯಿಬಿಟ್ಟು ಓದುತ್ತೇನೆ. ಹುಡುಗ ಹಾಗೇ ಓದಿದರೆ ಸ್ಟೂಲಿನ ಮೇಲೆ ಕೂತವರಿಗೆ ಅರ್ಥವಾಗುತ್ತದೋ ಇಲ್ಲವೋ ಅಂತ.

ಈಗ ನಿಮ್ಮ ಸಹಾಯ ಬೇಕು. ‘ಸೆಷನ್ ಎಕ್ಸ್‌ಪೈರ್ಡ್’ ಅನ್ನುವುದಕ್ಕೆ ಏನು ಬರೆಯೋಣ? ‘ಅಧಿವೇಶನದ ಅವಧಿ ಮುಗಿದಿದೆ’ ಅಂದರೆ ಬೆಳಗಾವಿಯ ಸುದ್ದಿ ಅಂದುಕೊಳ್ಳುತ್ತಾರೆ. ಇಂಗ್ಲಿಷನ್ನೇ ಇಡೋಣ ಅಂದರೆ ನಮ್ಮ ಕಡೆ ‘ಎಕ್ಸ್‌ಪೈರ್ ಆಗೋದ್ರು’ ಅಂದರೆ ತೀರಿಕೊಂಡರು ಅಂತ ಅರ್ಥ :-) ಸದ್ಯಕ್ಕೆ ನಾನು ‘ತುಂಬಾ ಹೊತ್ತು ಸುಮ್ಮನೆ ಬಿಟ್ಟಿದ್ದರಿಂದ ಪುಟ ಮುಚ್ಚಿದೆ, ಮತ್ತೆ ಲಾಗಿನ್ ಆಗಿ, ನೀವು ತುಂಬಿದ್ದು ಹಾಗೇ ಇದೆ’ ಅಂತ ಹಾಕಿದ್ದೇನೆ. ಉದ್ದವಾಯಿತು, ಗೊತ್ತು. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.